ಟೆರೇಸಿನ ಬೀಗದಿಂದ ಶುರು ಮಾಡಿ: ಅಪಾರ್ಟ್‌ಮೆಂಟಿನ ಬೆಂಕಿ ಸುರಕ್ಷತೆಗೆ ಒಂದು ಭಾನುವಾರದ ಕೆಲಸ

ಕಲಬುರಗಿಯಲ್ಲಿ ಈಗ ಜೇವರ್ಗಿ ರಸ್ತೆ, ಸೇಡಂ ರಸ್ತೆ, ಎತ್ತ ನೋಡಿದರೂ ಅಪಾರ್ಟ್‌ಮೆಂಟ್. ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಕೆಲವು ಕಡೆ ಇನ್ನೂ ಜಾಸ್ತಿ. ಬೇಸಿಗೆ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಎಲ್ಲರ ಮನೆಯಲ್ಲೂ ಕೂಲರ್, ಎ.ಸಿ. ಹಗಲು ರಾತ್ರಿ ಓಡುತ್ತವೆ, ಗೋಡೆಯೊಳಗಿನ ವೈರುಗಳು ಬಿಸಿಯಾಗುತ್ತಲೇ ಇರುತ್ತವೆ. ಬೆಂಕಿಯ ಬಗ್ಗೆ ಯೋಚಿಸಬೇಕಾದ್ದು ಬೇಸಿಗೆಗಿಂತ ಮುಂಚೆ.

ಕಮಿಟಿ ಸಭೆಯಲ್ಲಿ ಈ ವಿಷಯ ಬಂದರೆ ಮೊದಲ ಮಾತು ಬೆಂಕಿ ಆರಿಸುವ ಸಿಲಿಂಡರಿನದ್ದೇ. ನಾಲ್ಕು ಕೆಂಪು ಸಿಲಿಂಡರ್ ತಂದು ಗೋಡೆಗೆ ಹಾಕಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ನಾನು ಹೇಳುವುದು ಬೇರೆ. ಮೊದಲು ಮೆಟ್ಟಿಲು ಖಾಲಿ ಮಾಡಿ, ಬಾಗಿಲು ತೆರೆಯುವಂತೆ ಮಾಡಿ, ಸಿಲಿಂಡರ್ ಆಮೇಲೆ. ಯಾಕೆಂದರೆ ಬಹುಮಹಡಿ ಕಟ್ಟಡದಲ್ಲಿ ಜನ ಸಾಯುವುದು ಉರಿಯಿಂದ ಕಡಿಮೆ, ಹೊಗೆಯಿಂದ ಜಾಸ್ತಿ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಬಿದ್ದು 9 ಜನ ಸತ್ತರು. ಹೊಗೆ ತಡೆಯಲಾಗದೆ ಕಿಟಕಿ ಒಡೆದು ಹಾರಿದವರೂ ಅದರಲ್ಲಿದ್ದರು. ದಾರಿ ತೆರೆದಿದ್ದರೆ ಯಾರೂ ಕಿಟಕಿಯಿಂದ ಹಾರುವುದಿಲ್ಲ, ಅಲ್ವಾ?

ಇನ್ನೊಂದು ವಿಷಯ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರಲ್ಲಿ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡಗಳಿಗೆ ಬಿಗಿ ನಿಯಮಗಳಿವೆ. ನಮ್ಮ ಊರಿನ ಎಷ್ಟೋ ಕಟ್ಟಡ ಆ ಗೆರೆಗಿಂತ ಸ್ವಲ್ಪ ಕೆಳಗೇ ನಿಂತಿವೆ. ಹಾಗಾಗಿ "ನಮಗೆ ಅದು ಲಾಗೂ ಆಗಲ್ಲ" ಅನ್ನುವ ಮಾತು ಬರುತ್ತದೆ. ಹೊಗೆಗೆ ಮೀಟರ್ ಲೆಕ್ಕ ಇಲ್ಲ. ಮೂರನೇ ಮಹಡಿಯಿಂದ ಎಂಟು ವರ್ಷದ ಮಗು, ಎಂಬತ್ತು ವರ್ಷದ ಅಜ್ಜಿ ಇಬ್ಬರೂ ಕೆಳಗಿಳಿಯಬೇಕು ಅನ್ನುವುದಷ್ಟೇ ಲೆಕ್ಕ.

ಒಂದು ಭಾನುವಾರ ಬೆಳಿಗ್ಗೆ ಇಟ್ಟುಕೊಳ್ಳಿ. ಸೆಕ್ರೆಟರಿ, ವಾಚ್‌ಮನ್, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಇರಲಿ. ಹಗಲೆಲ್ಲ ಮನೆಯಲ್ಲೇ ಇರುವ ಒಬ್ಬ ಹೆಣ್ಣುಮಗಳೂ ಬರಲಿ. ಮಧ್ಯಾಹ್ನ ಹನ್ನೆರಡಕ್ಕೆ ಕಟ್ಟಡದಲ್ಲಿ ಯಾರಿರುತ್ತಾರೆ, ಯಾವ ಬಾಗಿಲಿಗೆ ಬೀಗ ಇರುತ್ತದೆ ಅನ್ನುವುದು ಅವರಿಗೇ ಗೊತ್ತಿರುವುದು. ಒಂದು ನೋಟ್‌ಬುಕ್, ಒಂದು ಟಾರ್ಚ್ ಹಿಡಿದು ಮೇಲಿನಿಂದ ಕೆಳಗೆ ನಡೆಯಿರಿ.

ಟೆರೇಸ್

ಹೋದ ಕೂಡಲೇ ಬಾಗಿಲಿನ ಬೀಗ ನೋಡಿ. ಕೀಲಿಕೈ ಎಲ್ಲಿದೆ ಅಂತ ವಾಚ್‌ಮನ್‌ನನ್ನು ಕೇಳಿದರೆ ಬರುವ ಉತ್ತರ ಬಹುತೇಕ ಹೀಗಿರುತ್ತದೆ: "ಸೆಕ್ರೆಟರಿ ಸಾಹೇಬ್ರ ಮನ್ಯಾಗ ಅದ ರೀ, ಅವ್ರು ಹೈದ್ರಾಬಾದಿಗೆ ಹೋಗ್ಯಾರ." ಕೆಳಗೆ ಬೆಂಕಿ ಬಿದ್ದು ಹೊಗೆ ಏರಿದರೆ ಕೆಲವರು ಮೇಲಕ್ಕೇ ಓಡುತ್ತಾರೆ. ಹೊಗೆಯೂ ಅಲ್ಲಿಗೇ ಬಂದು ಸೇರುತ್ತದೆ. ಬೀಗ ಹಾಕಿದ ಬಾಗಿಲಿನ ಮುಂದೆ ಆ ಜನ ಉಸಿರುಗಟ್ಟಿ ನಿಲ್ಲುತ್ತಾರೆ. ಬಾಗಿಲು ಒಳಗಿನಿಂದ ಕೀಲಿಕೈ ಇಲ್ಲದೆ ತೆರೆಯಬೇಕು, ಅಷ್ಟೇ. ಕಳ್ಳರ ಭಯ ಇದ್ದರೆ ಒಳಗೆ ಬೋಲ್ಟ್ ಹಾಕಿ, ಹೊರಗಿನಿಂದ ಬರಲಾಗದ ಹಾಗೆ ಮಾಡಿ. ತಳ್ಳಿದರೆ ತೆರೆಯುವ ಪ್ಯಾನಿಕ್ ಬಾರ್ ಹಾಕಿಸಿದರೆ ಇನ್ನೂ ಒಳ್ಳೆಯದು. ಶಂಡಿಗೆ, ಹಪ್ಪಳ ಒಣಗಿಸಲು ಹೋಗುವ ಹೆಂಗಸರಿಗೂ ದಿನಾ ಕೀಲಿಕೈ ಹುಡುಕುವ ಕಾಟ ತಪ್ಪುತ್ತದೆ.

ಆಮೇಲೆ ಟ್ಯಾಂಕ್. ಅಗ್ನಿಶಾಮಕ ಪೈಪಿನ ವ್ಯವಸ್ಥೆ ಇರುವ ಕಟ್ಟಡದಲ್ಲಿ ಟೆರೇಸ್ ಟ್ಯಾಂಕಿನ ಒಂದು ಪಾಲು ಬೆಂಕಿಗಾಗಿಯೇ ಮೀಸಲು. ಮನೆ ಬಳಕೆಯ ಪೈಪು ಆ ಮಟ್ಟಕ್ಕಿಂತ ಮೇಲೆ ಇರುತ್ತದೆ, ಬಳಕೆಯ ನೀರು ಮುಗಿದರೂ ಮೀಸಲು ನೀರು ಉಳಿಯಲಿ ಅಂತ. ನಮ್ಮ ಕಡೆ ಏಪ್ರಿಲ್-ಮೇನಲ್ಲಿ ಬೋರ್ ಬತ್ತಿ ಟ್ಯಾಂಕರಿಗೆ ಕಾಯುವ ಹೊತ್ತಿನಲ್ಲಿ ಯಾರೋ ಪ್ಲಂಬರ್‌ನನ್ನು ಕರೆಸಿ ಆ ಕೆಳಗಿನ ನೀರಿಗೂ ಒಂದು ಪೈಪು ಜೋಡಿಸಿಬಿಡುತ್ತಾರೆ. ನೀರಿನ ಕಷ್ಟ ನನಗೂ ಗೊತ್ತು, ಆದರೂ ಇದನ್ನು ಒಪ್ಪಲು ಆಗುವುದಿಲ್ಲ. ಬೆಂಕಿ ಬೀಳುವ ಸಾಧ್ಯತೆ ಜಾಸ್ತಿ ಇರುವ ತಿಂಗಳಲ್ಲೇ ಬೆಂಕಿಯ ಟ್ಯಾಂಕ್ ಖಾಲಿ ಇಡುವುದು ಅಂದರೆ ಏನರ್ಥ? ಅಂಥ ಪೈಪು ಕಂಡರೆ ಅವತ್ತೇ ತೆಗೆಸಿ.

ಮೇಲಿನ ಮಹಡಿಯ ಹೋಸ್ ರೀಲ್ (ಬೆಂಕಿಗೆ ನೀರು ಹಾಯಿಸಲು ಸುತ್ತಿಟ್ಟ ಪೈಪು) ಬಿಚ್ಚಿ ನೀರು ಬಿಟ್ಟು ನೋಡಿ. ನಮ್ಮ ನೀರು ಗಡಸು, ವಾಲ್ವ್ ಸುಣ್ಣ ಕಟ್ಟಿ ಬಿಗಿದುಕೊಂಡಿರುತ್ತದೆ. ಕೈಯಲ್ಲಿ ತಿರುಗದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಪೈಪಿನ ತುದಿಯ ಹಿತ್ತಾಳೆ ನಾಜಲ್ ಇದೆಯಾ, ಯಾರಾದರೂ ಬಿಚ್ಚಿಕೊಂಡು ಹೋಗಿದ್ದಾರಾ ಅದನ್ನೂ ನೋಡಿ. ಫೈರ್ ಪಂಪ್ ಇದ್ದರೆ ಅದರ ಸ್ವಿಚ್ 'ಆಟೋ'ದಲ್ಲಿ ಇರಬೇಕು.

ಮೆಟ್ಟಿಲು, ಇದೇ ಎಲ್ಲಕ್ಕಿಂತ ಮುಖ್ಯ

ಇಲ್ಲಿ ಅವಸರ ಮಾಡಬೇಡಿ. ಪ್ರತಿ ಮಹಡಿಯಲ್ಲಿ ನಿಂತು ನೋಡಿ. ಚಪ್ಪಲಿ ಸ್ಟ್ಯಾಂಡ್, ಮಕ್ಕಳ ಸೈಕಲ್, ಹಳೆಯ ಮಂಚ, ರದ್ದಿ ಪೇಪರ್, ಖಾಲಿ ಗ್ಯಾಸ್ ಸಿಲಿಂಡರ್, ಒಡೆದ ಪ್ಲಾಸ್ಟಿಕ್ ಕುರ್ಚಿ. ನಮ್ಮ ಊರಿನ ವಿಶೇಷ ಅಂದರೆ ಕೂಲರ್. ಮಳೆಗಾಲ ಬಂದ ಮೇಲೆ ಕೂಲರನ್ನು ಮನೆಯಿಂದ ಹೊರಹಾಕಿ ಮೆಟ್ಟಿಲ ತಿರುವಿನಲ್ಲಿ ಇಡುತ್ತಾರೆ, ಪಕ್ಕದ ಹುಲ್ಲಿನ ಪ್ಯಾಡ್ ತೆಗೆಯುವುದೂ ಇಲ್ಲ. ಆರು ತಿಂಗಳು ಒಣಗಿದ ಆ ಪ್ಯಾಡನ್ನು ಕೈಯಲ್ಲಿ ಹಿಸುಕಿದರೆ ಪುಡಿಪುಡಿಯಾಗುತ್ತದೆ. ದೀಪಾವಳಿಯ ಒಂದು ಕಿಡಿ ಸಾಕು, ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ. ಅದು ಇರುವುದು ನೀವು ಓಡಿಹೋಗಬೇಕಾದ ಒಂದೇ ಒಂದು ದಾರಿಯಲ್ಲಿ.

ಮೆಟ್ಟಿಲ ಜಾಗ ಒಲೆಯ ಮೇಲಿನ ಹೊಗೆಗೊಳವೆ ಇದ್ದ ಹಾಗೆ. ಕೆಳಗೆ ಏನೇ ಹೊತ್ತಿದರೂ ಬಿಸಿ ಹೊಗೆ ಸೀದಾ ಮೇಲಕ್ಕೇ ಏರುತ್ತದೆ. ಹಾಗಾಗಿ ಎರಡು ಕೆಲಸ ಆಗಬೇಕು: ಮೆಟ್ಟಿಲಿನಲ್ಲಿ ಹೊತ್ತಿಕೊಳ್ಳುವಂಥದ್ದು ಏನೂ ಇರಬಾರದು, ಬೇರೆ ಕಡೆಯ ಹೊಗೆ ಮೆಟ್ಟಿಲಿಗೆ ಬರಬಾರದು.

"ಎರಡು ಜೋಡಿ ಚಪ್ಪಲಿ ಇಟ್ರ ಏನಾಗ್ತದ ಬಿಡ್ರಿ ಕಾಕಾ" ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಜಗಳ ಬೇಡ. ರಾತ್ರಿ ಒಂಬತ್ತಕ್ಕೆ ಮೆಟ್ಟಿಲ ಲೈಟ್ ಆರಿಸಿ, ಅವರನ್ನೇ ಟಾರ್ಚ್ ಇಲ್ಲದೆ ಕೆಳಗಿಳಿಯಲು ಹೇಳಿ. ಎಲ್ಲಿ ಕಾಲು ತಗುಲಿತು ಅಂತ ಅವರೇ ಹೇಳುತ್ತಾರೆ. ಬೆಂಕಿ ಬಿದ್ದಾಗ ಕರೆಂಟ್ ಹೋಗುವುದು ಗ್ಯಾರಂಟಿ, ಹೊಗೆಯಲ್ಲಿ ಕಣ್ಣೂ ಬಿಡಲಾಗುವುದಿಲ್ಲ. ಪ್ರತಿ ತಿರುವಿನಲ್ಲಿ ಬ್ಯಾಟರಿ ಇರುವ ಎಮರ್ಜೆನ್ಸಿ ಲೈಟ್ ಬೇಕು. ಕತ್ತಲಲ್ಲಿ ಹೊಳೆಯುವ ಬಾಣದ ಗುರುತುಗಳನ್ನು ಗೋಡೆಯ ಕೆಳಭಾಗದಲ್ಲಿ ಹಚ್ಚಿ, ಯಾಕೆಂದರೆ ಹೊಗೆ ಮೇಲೆ ತುಂಬಿಕೊಳ್ಳುತ್ತದೆ, ಕಾಣುವುದು ನೆಲದ ಹತ್ತಿರ ಮಾತ್ರ.

ಕೆಲವು ಹೊಸ ಕಟ್ಟಡಗಳಲ್ಲಿ ಮೆಟ್ಟಿಲಿಗೆ ಫೈರ್ ಡೋರ್ ಇರುತ್ತದೆ. ಗಾಳಿ ಬರಲಿ ಅಂತ ಅದಕ್ಕೆ ಒಂದು ಶಹಾಬಾದ್ ಕಲ್ಲಿನ ತುಂಡು ಅಡ್ಡ ಇಟ್ಟು ಯಾವಾಗಲೂ ತೆರೆದೇ ಬಿಟ್ಟಿರುತ್ತಾರೆ. ಆ ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಂಡರೆ ಮಾತ್ರ ಹೊಗೆ ತಡೆಯುತ್ತದೆ. ಕಲ್ಲು ತೆಗೆಯಿರಿ. ಮೇಲಿನ ಡೋರ್ ಕ್ಲೋಸರ್ ಕೆಟ್ಟಿದ್ದರೆ ರಿಪೇರಿ ಮಾಡಿಸಿ, ಬೀಗದ ಕೊಂಡಿ ಇದ್ದರೆ ತೆಗೆಸಿ.

ಕೆಳಗೆ ಜಾರುವ ಕಬ್ಬಿಣದ ಗೇಟಿಗೆ ರಾತ್ರಿ ಬೀಗ ಹಾಕುವ ಪದ್ಧತಿ ಇದ್ದರೆ, ಕೀಲಿಕೈ ಗೇಟಿನ ಹತ್ತಿರ ಒಳಗಡೆ ಗಾಜಿನ ಪೆಟ್ಟಿಗೆಯಲ್ಲಿ ಇರಲಿ. ವಾಚ್‌ಮನ್ ಜೇಬಿನಲ್ಲಿ ಇದ್ದರೆ ಸಾಲದು, ಅವನು ಚಹಾ ಕುಡಿಯಲು ಹೋಗಿರಬಹುದು. ಮನೆಗಳ ಕಿಟಕಿ ಗ್ರಿಲ್ ಕೂಡ ಹಾಗೆಯೇ: ಒಂದು ಕಿಟಕಿಯ ಗ್ರಿಲ್ಲಾದರೂ ಒಳಗಿನಿಂದ ತೆರೆಯುವ ಹಾಗೆ ಇರಲಿ.

ವೈರ್ ಡಕ್ಟ್ ಮತ್ತು ಮೀಟರ್ ರೂಮ್

ಲಿಫ್ಟಿನ ಪಕ್ಕ ಒಂದು ಸಣ್ಣ ಬಾಗಿಲು ಇರುತ್ತದೆ, ಒಳಗೆ ಕೇಬಲ್‌ಗಳು ಕೆಳಗಿನಿಂದ ಮೇಲಿನವರೆಗೆ ಹೋಗಿರುತ್ತವೆ. ತೆರೆದು ಟಾರ್ಚ್ ಬಿಡಿ. ಪ್ರತಿ ಮಹಡಿಯ ಸ್ಲ್ಯಾಬ್ ಮಟ್ಟದಲ್ಲಿ ತೂತು ಮುಚ್ಚಿರಬೇಕು. ಮುಚ್ಚಿಲ್ಲದಿದ್ದರೆ ಕೆಳಗಿನ ಹೊಗೆ ಎಲ್ಲ ಮಹಡಿಗೂ ಒಟ್ಟಿಗೇ ಹೋಗುತ್ತದೆ. ಕಾರ್ಲ್‌ಟನ್‌ನಲ್ಲೂ ಹೊಗೆ ಎದ್ದದ್ದು ಇಂಥದೇ ಡಕ್ಟ್‌ನಿಂದ. ಮುಚ್ಚಲು ಫೈರ್ ಸ್ಟಾಪ್ ಅಂತಲೇ ಸಿಗುವ ಸಾಮಗ್ರಿ ಬಳಸಿ. ಥರ್ಮಾಕೋಲ್, ಸ್ಪಂಜು ತುರುಕಿದರೆ ಅವೇ ಉರಿಯುತ್ತವೆ. ಕಸಬರಿಗೆ, ಫಿನಾಯಿಲ್ ಡಬ್ಬಿ ಇಡುವ ಜಾಗವೂ ಅದಲ್ಲ.

ಮೀಟರ್ ರೂಮಿಗೆ ಬೇಸಿಗೆಯ ರಾತ್ರಿ ಹತ್ತು ಗಂಟೆಗೆ ಹೋಗಿ, ಎಲ್ಲ ಎ.ಸಿ. ಓಡುವ ಹೊತ್ತಿಗೆ. ಸುಟ್ಟ ಪ್ಲಾಸ್ಟಿಕ್ ವಾಸನೆ ಬರುತ್ತಿದೆಯಾ? ವೈರು ಕಂದು ಬಣ್ಣಕ್ಕೆ ತಿರುಗಿ ಗಡುಸಾಗಿದೆಯಾ? ಸಡಿಲ ಜೋಡಣೆಯ ಗುರುತು ಅದು. ನೀವು ಮುಟ್ಟಬೇಡಿ, ಎಲೆಕ್ಟ್ರಿಷಿಯನ್ ಕರೆಸಿ ಸಪ್ಲೈ ಬಂದ್ ಮಾಡಿಸಿ ಬಿಗಿ ಮಾಡಿಸಿ.

ನಾನು ತುಂಬಾ ಕಡೆ ನೋಡುವ, ನೋಡಿದಾಗಲೆಲ್ಲ ಸಿಟ್ಟು ಬರುವ ಒಂದು ಕೆಲಸ ಇದೆ. ಎ.ಸಿ. ಹಾಕಿದ ಮೇಲೆ ಎಂ.ಸಿ.ಬಿ. (ಲೋಡ್ ಜಾಸ್ತಿಯಾದರೆ ತಾನಾಗಿಯೇ ಕರೆಂಟ್ ಕಡಿಯುವ ಸ್ವಿಚ್) ಪದೇ ಪದೇ ಬೀಳುತ್ತದೆ. ಎಲೆಕ್ಟ್ರಿಷಿಯನ್ ಬಂದು 16 ಆಂಪಿಯರಿನದ್ದು ತೆಗೆದು 32ರದ್ದು ಹಾಕಿ ಹೋಗುತ್ತಾನೆ. ಬೀಳುವುದು ನಿಂತಿತು, ಎಲ್ಲರಿಗೂ ಸಮಾಧಾನ. ಆದರೆ ಎಂ.ಸಿ.ಬಿ. ಇರುವುದು ವೈರನ್ನು ಕಾಯಲು. ಗೋಡೆಯೊಳಗಿನ ವೈರು ಅದೇ ಹಳೆಯದು, ಈಗ ಅದು ಕಾದು ಕರಗುವವರೆಗೂ ಎಂ.ಸಿ.ಬಿ. ಸುಮ್ನೆ ಇರುತ್ತದೆ. ಬೀಳುತ್ತಿದ್ದರೆ ಕಾರಣ ಹುಡುಕಿ. ಎ.ಸಿ.ಗೆ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ, 4 ಚದರ ಮಿ.ಮೀ. ತಾಮ್ರದ ವೈರು ಹಾಕಿಸಿ. ಕೂಲರ್, ಫ್ರಿಜ್, ಇಸ್ತ್ರಿ ಪೆಟ್ಟಿಗೆ ಎಲ್ಲ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಬೇಡ. ಮನೆಯ ಒಟ್ಟು ಲೋಡ್ ಜಾಸ್ತಿಯಾಗಿದ್ದರೆ ಕರೆಂಟ್ ಕಂಪನಿ ಜೆಸ್ಕಾಂಗೆ ಅರ್ಜಿ ಕೊಟ್ಟು ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಿ. ಬಿಲ್ಲು ಸ್ವಲ್ಪ ಏರುತ್ತದೆ, ಏರಲಿ.

30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. (ಕರೆಂಟ್ ಸೋರಿದರೆ ತಕ್ಷಣ ಸಪ್ಲೈ ಕಡಿಯುವ ಸ್ವಿಚ್) ಪ್ರತಿ ಮನೆಗೂ ಬೇಕು. ಕಬ್ಬಿಣದ ಕೂಲರಿಗೆ ಕೈ ತಾಗಿ ಶಾಕ್ ಹೊಡೆಯುವುದು ನಮ್ಮ ಕಡೆ ಪ್ರತಿ ಬೇಸಿಗೆಯ ಮಾತು, ಅದನ್ನು ತಡೆಯುವುದೂ ಇದೇ. ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ, ಬೀಳದಿದ್ದರೆ ಬದಲಿಸಿ. ಇನ್ವರ್ಟರ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಮುಚ್ಚಿದ ಕಪಾಟಿನಲ್ಲಿ ಇಡಬೇಡಿ.

ಅಡುಗೆಮನೆ

ಎಲ್.ಪಿ.ಜಿ. ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ವಾಸನೆ ಬಂದರೆ ಯಾವ ಸ್ವಿಚ್ಚೂ ಮುಟ್ಟಬೇಡಿ, ಎಕ್ಸಾಸ್ಟ್ ಫ್ಯಾನಿನದ್ದೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆಯಿರಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು, ತಾರೀಖು ಅದರ ಮೇಲೇ ಇರುತ್ತದೆ. ಸಿಲಿಂಡರಿನ ಕುತ್ತಿಗೆ ಹತ್ತಿರದ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಅಕ್ಷರ ಮತ್ತು ವರ್ಷ ಬರೆದಿರುತ್ತದೆ. ಎ ಅಂದರೆ ಮಾರ್ಚ್‌ವರೆಗೆ, ಡಿ ಅಂದರೆ ಡಿಸೆಂಬರ್‌ವರೆಗೆ. ಅವಧಿ ಮುಗಿದದ್ದು ಬಂದರೆ ವಾಪಸ್ ಕಳಿಸಿ. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ಗ್ಯಾಸ್ ಆರಿಸಿ, ಅಗಲ ಮುಚ್ಚಳ ಮುಚ್ಚಿ ಬಿಡಿ. ನೀರು ಹಾಕಿದರೆ ಉರಿಯುವ ಎಣ್ಣೆ ಸಿಡಿದು ಗೋಡೆ, ಪರದೆ, ನಿಮ್ಮ ಮೈಗೂ ಹತ್ತುತ್ತದೆ.

ಈಗ ಬೆಂಕಿ ಆರಿಸುವ ಸಿಲಿಂಡರ್

ಪ್ರತಿ ಮಹಡಿಗೆ ಮೆಟ್ಟಿಲ ಹತ್ತಿರ 4 ಅಥವಾ 6 ಕೆ.ಜಿ.ಯ ಎ.ಬಿ.ಸಿ. ಪುಡಿಯ (ಕಟ್ಟಿಗೆ-ಬಟ್ಟೆ, ಎಣ್ಣೆ, ಗ್ಯಾಸ್ ಮೂರೂ ಬಗೆಯ ಬೆಂಕಿಗೆ ಆಗುವ) ಸಿಲಿಂಡರ್, ಮೀಟರ್ ರೂಮ್ ಮತ್ತು ಲಿಫ್ಟ್ ಮೋಟರ್ ಹತ್ತಿರ ಸಿ.ಒ.2 (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್. ಐ.ಎಸ್.ಐ. ಗುರುತು ನೋಡಿ ತನ್ನಿ. ಎದೆ ಮಟ್ಟದಲ್ಲಿ ತೂಗುಹಾಕಿ, ಮುಂದೆ ಹೂಕುಂಡ ಇಡಬೇಡಿ. ಪುಡಿಯ ಸಿಲಿಂಡರಿನಲ್ಲಿ ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿ ಇರಬೇಕು. ತಿಂಗಳಿಗೊಮ್ಮೆ ತಲೆಕೆಳಗು ಮಾಡಿ ಅಲುಗಾಡಿಸಿ, ಇಲ್ಲದಿದ್ದರೆ ಪುಡಿ ತಳದಲ್ಲಿ ಗಟ್ಟಿಯಾಗುತ್ತದೆ. ಸಿ.ಒ.2ಕ್ಕೆ ಮುಳ್ಳು ಇರುವುದಿಲ್ಲ, ತೂಕ ಮಾಡಿಯೇ ನೋಡಬೇಕು. ಬಳಸುವಾಗ ಅದರ ಕಹಳೆಯಂಥ ಬಾಯಿ ಹಿಡಿಯಬೇಡಿ, ಮಂಜಿನಷ್ಟು ತಣ್ಣಗಾಗಿ ಕೈ ಸುಡುತ್ತದೆ.

ಬಳಸುವುದು ಹೀಗೆ: ಪಿನ್ ಎಳೆಯಿರಿ, ಬೆಂಕಿಯ ಬುಡಕ್ಕೆ ಗುರಿ ಇಡಿ, ಹಿಡಿಕೆ ಒತ್ತಿ, ಎಡಕ್ಕೆ ಬಲಕ್ಕೆ ಬೀಸಿ. ಬಾಗಿಲು ಯಾವಾಗಲೂ ನಿಮ್ಮ ಬೆನ್ನ ಹಿಂದೆ ಇರಲಿ. ಸಣ್ಣ ಸಿಲಿಂಡರ್ ಕಾಲು ನಿಮಿಷದ ಆಚೀಚೆಗೆ ಖಾಲಿಯಾಗುತ್ತದೆ. ಬೆಂಕಿ ಕಸದ ಬುಟ್ಟಿಗಿಂತ ದೊಡ್ಡದಾಗಿದ್ದರೆ ಹೋರಾಡಬೇಡಿ, ಹೊರಗೆ ಬಂದು ಬಾಗಿಲು ಎಳೆದುಕೊಳ್ಳಿ. ಆ ಮುಚ್ಚಿದ ಬಾಗಿಲು ಪಕ್ಕದ ಮನೆಯವರಿಗೆ ಕೆಲವು ನಿಮಿಷ ಕೊಡುತ್ತದೆ.

ಪಾರ್ಕಿಂಗ್ ಮತ್ತು ಗೇಟ್

ಇ-ಸ್ಕೂಟರನ್ನು ಮೆಟ್ಟಿಲ ಬುಡದಲ್ಲಿ ಚಾರ್ಜಿಗೆ ಹಾಕುವುದು ಬಂದ್ ಆಗಬೇಕು. ಲಿಥಿಯಂ ಬ್ಯಾಟರಿ ಹೊತ್ತಿದರೆ ಆರಿಸುವುದು ಕಷ್ಟ, ವಿಷದ ಹೊಗೆ ಸೀದಾ ಮೆಟ್ಟಿಲು ಹತ್ತುತ್ತದೆ. ಹೊರಗೋಡೆಯ ಕಡೆಗೆ ಒಂದು ಜಾಗ, ಬೇರೆ ಲೈನ್, ಕಂಪನಿಯ ಚಾರ್ಜರ್ ಮಾತ್ರ.

ಗೇಟಿನಿಂದ ಅಗ್ನಿಶಾಮಕ ವಾಹನ ಒಳಗೆ ಬರುತ್ತದಾ ಅಂತ ಟೇಪ್ ಹಿಡಿದು ಅಳೆಯಿರಿ. ಕಮಾನು, ಶೀಟ್, ಕೆಳಗೆ ಜೋತುಬಿದ್ದ ಇಂಟರ್ನೆಟ್ ಕೇಬಲ್ ಅಡ್ಡ ಬರುತ್ತವೆ. ಕಿರಾಣಾ ಬಜಾರ್, ಸರಾಫ್ ಬಜಾರ್ ಕಡೆ ಗಲ್ಲಿಗಳು ಇಕ್ಕಟ್ಟು. ಅಲ್ಲಿಯ ಕಟ್ಟಡದವರು ಅಗ್ನಿಶಾಮಕ ಠಾಣೆಗೆ ಮೊದಲೇ ಹೋಗಿ ವಾಹನ ಎಲ್ಲಿವರೆಗೆ ಬರಬಹುದು, ಅಲ್ಲಿಂದ ಪೈಪು ಮುಟ್ಟುತ್ತದಾ ಅಂತ ಮಾತಾಡಿಕೊಂಡು ಬರಲಿ. ಶರಣಬಸವೇಶ್ವರ ಜಾತ್ರೆಯ ದಿನಗಳಲ್ಲಿ ಗುಡಿಯ ಸುತ್ತಲಿನವರು ಬೇರೆ ದಾರಿಯನ್ನೂ ಯೋಚಿಸಿಟ್ಟುಕೊಳ್ಳಬೇಕು.

ಅಂಗಡಿ, ಹಾಸ್ಟೆಲ್, ಕೋಚಿಂಗ್ ಇದ್ದರೆ

ಕೆಳಗೆ ಬಟ್ಟೆ ಅಂಗಡಿ, ಮೇಲೆ ಕೋಚಿಂಗ್ ಅಥವಾ ಪಿ.ಜಿ. ಇರುವ ಕಟ್ಟಡಗಳು ನಮ್ಮ ಊರಲ್ಲಿ ಬಹಳ. ಸುತ್ತಲ ಜಿಲ್ಲೆಗಳ ಮಕ್ಕಳೆಲ್ಲ ಓದಲು ಇಲ್ಲಿಗೇ ಬರುತ್ತಾರೆ. 2019ರ ಮೇ 24ರಂದು ಸೂರತ್‌ನ ತಕ್ಷಶಿಲಾ ಕಟ್ಟಡದಲ್ಲಿ 22 ವಿದ್ಯಾರ್ಥಿಗಳು ಸತ್ತದ್ದು ಹೀಗೆಯೇ ಮೇಲಿನ ಮಹಡಿಯ ಕೋಚಿಂಗ್ ಕ್ಲಾಸಿನಲ್ಲಿದ್ದಾಗ. ಮಗಳನ್ನೋ ಮಗನನ್ನೋ ಸೇರಿಸಲು ಹೋದಾಗ ಫೀಸು, ಊಟ ಕೇಳುತ್ತೀರಿ. ಜೊತೆಗೆ ಎರಡನೇ ಮೆಟ್ಟಿಲು ಎಲ್ಲಿದೆ, ರಾತ್ರಿ ಬೀಗದ ಕೀಲಿಕೈ ಯಾರ ಹತ್ತಿರ ಇರುತ್ತದೆ ಅಂತಲೂ ಕೇಳಿ. ಟೆರೇಸ್ ಮೇಲೆ ತಗಡಿನ ಶೆಡ್ ಹಾಕಿ ಕ್ಲಾಸ್ ನಡೆಸುತ್ತಿದ್ದರೆ ಅಲ್ಲಿ ಸೇರಿಸಬೇಡಿ.

ಬೆಂಕಿ ಬಿದ್ದೇ ಬಿಟ್ಟರೆ

ಗಂಟೆ ಬಾರಿಸಿ, ಕೂಗಿ. 101 ಅಥವಾ 112ಕ್ಕೆ ಫೋನ್ ಮಾಡಿ. ಕಟ್ಟಡದ ಹೆಸರು, ಹತ್ತಿರದ ಗುರುತು, ಯಾವ ಮಹಡಿ, ಒಳಗೆ ಯಾರಾದರೂ ಸಿಕ್ಕಿಕೊಂಡಿದ್ದಾರಾ, ಇಷ್ಟು ಹೇಳಿ. ಅವರು ಇಡುವ ಮುಂಚೆ ಫೋನ್ ಇಡಬೇಡಿ. ಲಿಫ್ಟ್ ಬೇಡವೇ ಬೇಡ.

ಮನೆ ಬಾಗಿಲು ತೆರೆಯುವ ಮುಂಚೆ ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ. ತಣ್ಣಗಿದ್ದು ಮೆಟ್ಟಿಲಲ್ಲಿ ಹೊಗೆ ಇಲ್ಲದಿದ್ದರೆ ಇಳಿಯಿರಿ, ಹಿಂದೆ ಬಾಗಿಲು ಮುಚ್ಚಿ. ಬಿಸಿ ಇದ್ದರೆ ಅಥವಾ ಮೆಟ್ಟಿಲ ತುಂಬ ಹೊಗೆ ಇದ್ದರೆ ಹೊರಗೆ ಹೋಗಬೇಡಿ. ಬಾಗಿಲ ಸಂದಿಗೆ ಒದ್ದೆ ಟವೆಲ್, ಚಾದರ ತುರುಕಿ. ರಸ್ತೆ ಕಡೆಯ ಬಾಲ್ಕನಿಗೆ ಬಂದು ಬಟ್ಟೆ ಬೀಸಿ, ಯಾವ ಮನೆಯಲ್ಲಿದ್ದೀರಿ ಅಂತ ಫೋನಿನಲ್ಲಿ ತಿಳಿಸಿ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿದರೆ ಮಸಿ ತಡೆಯುತ್ತದೆ, ಕಾರ್ಬನ್ ಮೊನಾಕ್ಸೈಡ್ ತಡೆಯುವುದಿಲ್ಲ. ಅದನ್ನು ನಂಬಿ ದಟ್ಟ ಹೊಗೆಗೆ ನುಗ್ಗಬೇಡಿ. ದಾಟಲೇಬೇಕಾದರೆ ನೆಲಕ್ಕೆ ಬಾಗಿ ತೆವಳಿ.

ನಡೆಯಲಾಗದ ಹಿರಿಯರು, ಹಾಸಿಗೆ ಹಿಡಿದವರು ಯಾವ ಮನೆಯಲ್ಲಿ ಇದ್ದಾರೆ ಅನ್ನುವ ಪಟ್ಟಿ ವಾಚ್‌ಮನ್ ಕೋಣೆಯಲ್ಲಿ ಇರಲಿ. ಒಬ್ಬೊಬ್ಬರಿಗೂ ಇಬ್ಬಿಬ್ಬರು ಪಕ್ಕದ ಮನೆಯವರನ್ನು ಗೊತ್ತು ಮಾಡಿ, ಅವರನ್ನು ಕುರ್ಚಿ ಸಮೇತ ಎತ್ತಿ ಇಳಿಸುವುದನ್ನು ಒಮ್ಮೆ ಮಾಡಿ ನೋಡಿ.

ಅಭ್ಯಾಸಕ್ಕೆ ಯಾವಾಗ?

1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗಿನ ಬೆಂಕಿ ಆರಿಸಲು ಹೋದ ಅಗ್ನಿಶಾಮಕ ಸಿಬ್ಬಂದಿ ಆ ಹಡಗು ಸ್ಫೋಟಿಸಿ ಪ್ರಾಣ ಕೊಟ್ಟರು. ಅವರ ನೆನಪಿಗೆ ಏಪ್ರಿಲ್ 14ರಿಂದ 20ರವರೆಗೆ ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆ ವಾರ ಠಾಣೆಯವರು ಪ್ರಾತ್ಯಕ್ಷಿಕೆ ಕೊಡುತ್ತಾರೆ, ಮಾರ್ಚ್‌ನಲ್ಲೇ ಪತ್ರ ಕೊಟ್ಟು ನಿಮ್ಮ ಕಟ್ಟಡಕ್ಕೂ ಕರೆಯಿರಿ. ಮಕ್ಕಳ ಪರೀಕ್ಷೆ ಮುಗಿದು ಎಲ್ಲರೂ ಮನೆಯಲ್ಲೇ ಇರುತ್ತಾರೆ. ದೀಪಾವಳಿಗೆ ಮುಂಚೆ ಇನ್ನೊಮ್ಮೆ ನೀವೇ ಮಾಡಿ, ರಾತ್ರಿ ಹೊತ್ತು.

ಖರ್ಚಿನ ವಿಷಯಕ್ಕೆ ಬಂದರೆ, ಮೆಟ್ಟಿಲು ಖಾಲಿ ಮಾಡುವುದು, ಬೀಗ ತೆಗೆಯುವುದು, ಬಾಗಿಲಿನ ಕಲ್ಲು ತೆಗೆಯುವುದು, ಪಟ್ಟಿ ಬರೆಯುವುದು, ಇವಕ್ಕೆ ಒಂದು ಪೈಸೆ ಬೇಡ, ಈ ವಾರವೇ ಆಗಲಿ. ಎಮರ್ಜೆನ್ಸಿ ಲೈಟ್, ಸಿಲಿಂಡರ್, ವಾಲ್ವ್ ರಿಪೇರಿ ತಿಂಗಳ ಮೇಂಟೆನೆನ್ಸ್ ಹಣದಲ್ಲೇ ಆಗುತ್ತದೆ. ಡಕ್ಟ್ ಮುಚ್ಚಿಸುವುದು, ವೈರಿಂಗ್ ಬದಲಿಸುವುದಕ್ಕೆ ಸಭೆ ಕರೆದು ವಂತಿಗೆ ಎತ್ತಬೇಕು. ಅದಕ್ಕೆ ಎಲ್ಲರೂ ಒಪ್ಪುವವರೆಗೆ ಮೊದಲಿನ ಕೆಲಸಗಳನ್ನು ನಿಲ್ಲಿಸಬೇಡಿ. ನೋಟ್‌ಬುಕ್ಕಿನಲ್ಲಿ ಪ್ರತಿ ಕೆಲಸದ ಎದುರಿಗೆ ಒಬ್ಬರ ಹೆಸರು, ಒಂದು ತಾರೀಖು ಬರೆಯಿರಿ. ಬರೀ 'ಕಮಿಟಿ' ಅಂತ ಬರೆದರೆ ಆ ಕೆಲಸ ಆಗುವುದಿಲ್ಲ.